ಆಟಿ ತಿಂಗಳ ಕಾಯಿಲೆ

ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಶಶಿಪ್ರಭಾ ಟೀಚರ್ ಕಿಟಕಿಯ ಬದಿಯ ಸೀಟನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಶಾಲೆಯಿಂದ ನಿವೃತ್ತರಾಗಿ ಏಳು ವರ್ಷವಾಗಿತ್ತು. ಮಂಡಿನೋವು ಬಂದಿತ್ತು, ಜಬರ್ದಸ್ತು ಹೋಗಿರಲಿಲ್ಲ. ಅಂದು ಅವರ ತೊಡೆಯ ಮೇಲೆ ನೋಣಯ್ಯ ಎಂಬವನ ಕಡತವಿತ್ತು. ಅವನು ಮನೆಗೆ ಹೋಗುವುದೋ, ಆಸ್ಪತ್ರೆಯಲ್ಲೇ ಸಾಯುವುದೋ ಎಂಬುದು ಮಧ್ಯಾಹ್ನದೊಳಗೆ ತೀರ್ಮಾನವಾಗಬೇಕಿತ್ತು.

ತೀರ್ಮಾನಿಸುವವರಲ್ಲಿ ಟೀಚರೂ ಒಬ್ಬರು. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಎಂದು ಓದುವಾಗ ಏನೋ ದೊಡ್ಡ ಸಂಗತಿಯಂತೆ ಕಾಣುತ್ತದೆ. ಒಳಗೆ ಹೋದರೆ ಒಂದು ಉದ್ದ ಮೇಜು, ಗೊಣಗುವ ಫ್ಯಾನು, ಮೆತ್ತಗಾದ ಬಿಸ್ಕೆಟ್ಟು. ಬುದ್ಧಿ ಸ್ಥಿಮಿತದಲ್ಲಿಲ್ಲದಾಗ ಅಪರಾಧ ಮಾಡಿ, ಜೈಲಿನ ಬದಲು ಆಸ್ಪತ್ರೆ ಸೇರಿದವರನ್ನು ಇನ್ನು ಮನೆಗೆ ಕಳಿಸಬಹುದೇ ಎಂದು ಕೋರ್ಟು ಇವರನ್ನು ಕೇಳುತ್ತಿತ್ತು. ನಿವೃತ್ತ ನ್ಯಾಯಾಧೀಶ ಅಬ್ದುಲ್ ಹಕೀಂ ಸಾಹೇಬರು ಅಧ್ಯಕ್ಷರು. ಜ್ಯೋತ್ಸ್ನಾ ಮನೋವೈದ್ಯೆ. ರೋಗಿಯನ್ನು ಮನೆಯಲ್ಲಿಟ್ಟು ನೋಡಿಕೊಂಡವರೂ ಇರಬೇಕೆಂಬ ನಿಯಮದಿಂದ ಟೀಚರಿಗೂ ಒಂದು ಕುರ್ಚಿ ಸಿಕ್ಕಿತ್ತು. ಸುಬ್ಬಯ್ಯ ಮಾವ ಬದುಕಿದ್ದರೆ, ನನ್ನ ಹುಚ್ಚಿನಿಂದ ನಿನಗೊಂದು ಕುರ್ಚಿಯಾದರೂ ಆಯಿತಲ್ಲ ಎಂದು ನಗುತ್ತಿದ್ದರು.

ಸುಬ್ಬಯ್ಯ ಮಾವ ಟೀಚರ ತಾಯಿಯ ತಮ್ಮ. ರಜೆಯಲ್ಲಿ ಬಂಟ್ವಾಳದ ತಾಯಿಮನೆಗೆ ಹೋದಾಗಲೆಲ್ಲ ಮಾವ ಅವರನ್ನು ಫರಂಗಿಪೇಟೆಗೆ ಕರೆದುಕೊಂಡು ಹೋಗಿ ಗೋಳಿಬಜೆ ಕೊಡಿಸುತ್ತಿದ್ದರು. ಆಮೇಲೆ ಮಾರ್ಗದ ಬದಿಯಲ್ಲಿ ನಿಲ್ಲಿಸಿ, ಬರುವ ಲಾರಿಗಳ ನಂಬರು ನೋಡಿ ಯಾವ ಊರಿನದೆಂದು ಹೇಳಿಸುತ್ತಿದ್ದರು. ಹಾಸನದ ಲಾರಿಗೆ ಹಾಸನ ಎಂದರೆ ಇನ್ನೊಂದು ಗೋಳಿಬಜೆ. ಎಂಥ ಚಂದದ ದಿನಗಳು ಅವು! ಮಾವನಿಗೆ ಮೂವತ್ತು ದಾಟುವಾಗ ಕಾಯಿಲೆ ಶುರುವಾಯಿತು. ಮನೆಯವರು ಆಸ್ಪತ್ರೆಗೆ ಸೇರಿಸಿದರು. ಇವತ್ತು ತರುವ, ನಾಳೆ ತರುವ ಎನ್ನುತ್ತ ಹದಿನಾಲ್ಕು ವರ್ಷ ಕಳೆದರು. ಕೊನೆಗೆ ಟೀಚರೇ ಹೋಗಿ ಮೂಡುಬಿದಿರೆಯ ತಮ್ಮ ಮನೆಗೆ ಕರೆತಂದರು. ಮತ್ತೆ ಆರು ವರ್ಷ ಮಾವ ಅವರ ಚಾವಡಿಯಲ್ಲಿ ಕೂತು ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ದಾರ ಕಟ್ಟಿದರು, ಬಾಯಿತುಂಬ ಮಾತಾಡಿದರು, ಒಂದು ಸಂಜೆ ಮಾತಾಡುತ್ತಲೇ ತೀರಿಕೊಂಡರು. ಆ ಆರು ವರ್ಷ ನೆನಪಾದಾಗ ಟೀಚರಿಗೆ ಸುಖವಾಗುತ್ತಿತ್ತು. ಹಿಂದಿನ ಹದಿನಾಲ್ಕು ನೆನಪಾದರೆ ಯಾರ ಮೇಲೋ ಸಿಟ್ಟು ಬರುತ್ತಿತ್ತು. ಹುಡುಕಿ ನೋಡಿದರೆ ಆ ಯಾರೋ ತಾವೇ ಆಗಿರುತ್ತಿದ್ದರು.

ನೋಣಯ್ಯ ಮುಂಡಾಜೆಯಿಂದಲೂ ಒಳಗಿನ ಹಳ್ಳಿಯವನು. ಹತ್ತೊಂಬತ್ತು ವರ್ಷದ ಹಿಂದೆ, ಕಾಯಿಲೆ ಕೈಮೀರಿದ್ದ ಒಂದು ಬೆಳಿಗ್ಗೆ, ಅಕ್ಕ ಸೇಸಮ್ಮನ ಗಂಡನನ್ನು ಕತ್ತಿಯಿಂದ ಕಡಿದು ಕೊಂದಿದ್ದ. ಹನ್ನೊಂದು ವರ್ಷದಿಂದ ಮದ್ದು ಹಿಡಿದಿತ್ತು. ಘಟ್ಟದ ಮೇಲಿನ ಆಸ್ಪತ್ರೆಯಲ್ಲಿ ಹೂತೋಟ ನೋಡಿಕೊಳ್ಳುತ್ತ ತನ್ನಷ್ಟಕ್ಕೆ ಇದ್ದ. ಆದರೂ ಮೂರು ಸಲ ಅವನ ಬಿಡುಗಡೆ ತಪ್ಪಿತ್ತು. ಪ್ರತಿ ವರ್ಷವೂ ಕಡತದಲ್ಲಿ ಅದೇ ಸಾಲು: ರೋಗ ಮರುಕಳಿಸಿದೆ, ತನ್ನ ಊಟವನ್ನು ಕೋಣೆಯೊಳಗೆ ಬಡಿಸಿಟ್ಟು ಸತ್ತವನನ್ನು ಕರೆಯುತ್ತಾನೆ, ಬಾಗಿಲೆಳೆದು ಹೊರಗೆ ನಿಲ್ಲುತ್ತಾನೆ. ಅದರ ಕೆಳಗೆ, ಮದ್ದು ಹೆಚ್ಚಿಸಲಾಗಿದೆ ಎಂಬ ಷರಾ.

ಎರಡು ದಿನದಿಂದ ಆ ಸಾಲನ್ನೇ ಓದುತ್ತಿದ್ದ ಟೀಚರ್ ಸಿದ್ಧಕಟ್ಟೆ ದಾಟಿದ ಮೇಲೆ ಮೊದಲ ಬಾರಿಗೆ ತಾರೀಕುಗಳನ್ನು ನೋಡಿದರು. ಜುಲೈ ಇಪ್ಪತ್ತೊಂಬತ್ತು. ಆಗಸ್ಟ್ ಮೂರು. ಜುಲೈ ಇಪ್ಪತ್ತೈದು. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಪಕ್ಕದ ಹೆಂಗಸು ತಿರುಗಿ ನೋಡುವಷ್ಟರಲ್ಲಿ ಆ ನಗು ಸಿಟ್ಟಾಗಿತ್ತು.

ಅದು ಆಟಿ ತಿಂಗಳು! ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ತುಳುವರು ತೀರಿಹೋದವರಿಗೆ ಬಡಿಸುವ ತಿಂಗಳು. ತಾಯಿಮನೆಯಲ್ಲಿ ಅಜ್ಜಿ ಎಲೆಗಳನ್ನು ಸಾಲಾಗಿ ಹಾಸಿ, ಅನ್ನ, ಕೋಳಿ ಪದಾರ್ಥ ಬಡಿಸಿ, ಸತ್ತವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಅವರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲೆಳೆದು ಮನೆಮಂದಿಯೆಲ್ಲ ಹೊರಗೆ ನಿಲ್ಲುತ್ತಿದ್ದರು. ಸುಬ್ಬಯ್ಯ ಮಾವ ಮಾತ್ರ ಬಾಗಿಲ ಸಂದಿಗೆ ಕಣ್ಣಿಟ್ಟು, ಅಜ್ಜ ಬಂದರು, ಕೋಳಿಯ ಕಾಲಿಗೇ ಕೈಹಾಕಿದರು ಎಂದು ಮಕ್ಕಳಿಗೆ ಪಿಸುಗುಟ್ಟಿ ಅಜ್ಜಿಯ ಕೈಯಿಂದ ತಲೆಗೆ ಮೊಟಕಿಸಿಕೊಳ್ಳುತ್ತಿದ್ದರು. ಅಂದು ಆ ಮನೆಯಲ್ಲಿ ಯಾರಿಗೂ ಮದ್ದು ಹೆಚ್ಚಿಸಿರಲಿಲ್ಲ.

ಬಂಟ್ವಾಳದ ಕಚೇರಿಯ ಮಹಡಿಯಲ್ಲಿ ನೋಣಯ್ಯ ಆಸ್ಪತ್ರೆಯ ನರ್ಸಿನ ಪಕ್ಕ ಕೂತಿದ್ದ. ಕೂದಲು ಪೂರ್ತಿ ನೆರೆತಿತ್ತು. ಬಾಗಿಲ ಬಳಿಯ ಬೆಂಚಿನ ಮೇಲೆ ಸೇಸಮ್ಮ. ಅವಳ ಮುಖ ಗೋಡೆಯ ಕಡೆಗಿತ್ತು. ಕರೆದುಕೊಂಡು ಹೋಗುವ ಸಂಬಂಧಿಕರಿಲ್ಲದೆ ಅವನನ್ನು ಬಿಡುವಂತಿರಲಿಲ್ಲ. ಇದ್ದವಳು ಅಕ್ಕ ಒಬ್ಬಳೇ. ಅವಳ ಮಗ ಸೃಜನ್‌ಗೆ ತಂದೆ ಸಾಯುವಾಗ ನಾಲ್ಕು ವರ್ಷ. ಅವನ ಹೆಸರು ಹೇಳಿ ಮೂರು ಸಲವೂ ಆಗುವುದಿಲ್ಲ ಎಂದು ಬರೆದುಕೊಟ್ಟಿದ್ದಳು. ಈ ಸಲವೂ ಅದನ್ನೇ ಹೇಳಲು ಬಂದಿದ್ದಳು.

ಟೀಚರ್ ತಾರೀಕುಗಳನ್ನು ಓದಿ, ಬಡಿಸುವ ಕ್ರಮವನ್ನು ವಿವರಿಸಿದರು. ಹಕೀಂ ಸಾಹೇಬರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಅವರ ಬಾಲ್ಯದ ನೆರೆಮನೆಯಲ್ಲೂ ಆ ಬಾಗಿಲು ಮುಚ್ಚುತ್ತಿತ್ತು, ತೆರೆಯುವವರೆಗೆ ಇವರಿಗೆ ಆಟಕ್ಕೆ ಜೊತೆ ಸಿಗುತ್ತಿರಲಿಲ್ಲ. ಜ್ಯೋತ್ಸ್ನಾ ಬಂಟರ ಮನೆಯ ಹುಡುಗಿಯೇ, ಆದರೆ ದುಬೈಯಲ್ಲಿ ಬೆಳೆದವಳು. ಆಟಿಯೆಂದರೆ ಹೋಟೆಲಿನಲ್ಲಿ ಪತ್ರೊಡೆ ತಿನ್ನುವ ದಿನ ಎಂದಷ್ಟೇ ಅವಳು ತಿಳಿದಿದ್ದಳು. ಕಡತವನ್ನು ಹಿಂದುಹಿಂದಕ್ಕೆ ಮಗುಚಿ, ಇಷ್ಟು ವರ್ಷ ಯಾರೂ ಇವರನ್ನೊಂದು ಮಾತು ಕೇಳಲಿಲ್ಲವಲ್ಲ ಎಂದು ಮೆಲ್ಲಗೆ ಹೇಳಿದಳು. ಆದರೆ ಅವಳು ಅಷ್ಟಕ್ಕೇ ಬಿಡಲಿಲ್ಲ. ಪದ್ಧತಿಯೆಂದು ಬಡಿಸಿದರೆ ತನ್ನ ಅಡ್ಡಿಯಿಲ್ಲ. ಸತ್ತವನು ನಿಜವಾಗಿಯೂ ಕಣ್ಣಿಗೆ ಕಾಣುತ್ತಾನೆ, ಮಾತಾಡುತ್ತಾನೆ ಎಂದಾದರೆ ತಾನು ಸಹಿ ಹಾಕಲಾರೆ ಎಂದಳು. ಮಾತು ಸರಿಯಾಗಿತ್ತು. ಟೀಚರಿಗೆ ಅದೇ ಸಂಕಟ.

ಹೇಗೆ ಕೇಳುವುದೆಂದು ಅವರು ಶಬ್ದ ಹುಡುಕುತ್ತಿದ್ದಾಗ ಸೇಸಮ್ಮ ಬೆಂಚಿನಿಂದ ಎದ್ದಳು.

"ಅವರು ಒಮ್ಮೆಯಾದ್ರೂ ಬಂದ್ರಾ, ನೋಣಯ್ಯ?"

ಅವಳು ಕೇಳಿದ್ದು ತುಳುವಿನಲ್ಲಿ. ಬಂದರು ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಹುಡುಗನಿಗೂ ಉತ್ತರ ಹೇಳಿಕೊಡದ ಶಶಿಪ್ರಭಾ ಟೀಚರ್, ಇಲ್ಲ ಅನ್ನು, ಇಲ್ಲ ಅನ್ನು ಎಂದು ಮನಸ್ಸಿನೊಳಗೇ ಗೋಗರೆದರು.

ನೋಣಯ್ಯ ಅಕ್ಕನ ಕಡೆ ತಿರುಗಿದ.

"ಬಾವ ಎಲ್ಲಿಂದ ಬರುದು ಅಕ್ಕ? ನಾನೇ ಕೊಂದದ್ದಲ್ವಾ," ಎಂದ. "ಆದ್ರೆ ಆಟಿಯಲ್ಲಿ ಅವರಿಗೆ ಬಡಿಸದೆ ನಾನು ಹೇಗೆ ಉಣ್ಣುದು?"

ಜ್ಯೋತ್ಸ್ನಾ ಅದನ್ನು ಹಾಗೆಯೇ ಬರೆದುಕೊಂಡು ಸಹಿ ಹಾಕಿದಳು.

ಸೇಸಮ್ಮ ಮಾತ್ರ ಕೂರಲಿಲ್ಲ. ಏನು ಬಡಿಸುತ್ತಿದ್ದೆ ಎಂದು ಕೇಳಿದಳು. ಅನ್ನ, ಸಾರು, ಅಲ್ಲಿ ಮೀನು ಕೊಡುವುದಿಲ್ಲ ಎಂದು ಅವನು ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದ. ಅವರಿಗೆ ಮೀನಿಲ್ಲದೆ ಊಟ ಇಳಿಯುತ್ತಿರಲಿಲ್ಲ ಎಂದಳು ಅವಳು, ಯಾರಿಗೆಂದಿಲ್ಲದೆ. ಮತ್ತೆ ಸಾಹೇಬರ ಕಡೆ ತಿರುಗಿ, ತನ್ನ ಮನೆಯಲ್ಲಿ ಒಂದು ವರ್ಷವೂ ಬಡಿಸಿಲ್ಲವೆಂದು ಹೇಳಿದಳು. ಎಲೆ ಹಾಸಬೇಕಾದದ್ದು ಅವರು ಸತ್ತು ಬಿದ್ದಿದ್ದ ಅದೇ ಕೋಣೆಯಲ್ಲಿ. ಅಲ್ಲಿ ಕೈ ಬರಲಿಲ್ಲ. ಹೆಸರು ಹೇಳಿ ಕರೆದರೆ ಮಗ ಕೇಳುತ್ತಾನೆ, ಮಗ ಕೇಳಿದರೆ ಕೊಂದದ್ದು ಯಾರೆಂದು ಹೇಳಬೇಕಾಗುತ್ತದೆ. ಹಾಗಾಗಿ ಆ ಮನೆಯಲ್ಲಿ ಅವರ ಹೆಸರನ್ನೇ ಎತ್ತದೆ ವರ್ಷಗಳು ಹೋದವು.

"ಹತ್ತೊಂಬತ್ತು ವರ್ಷ ಅವರು ಉಂಡದ್ದಿದ್ರೆ ಇವನ ಕೈಯಿಂದ ಮಾತ್ರ," ಎಂದಳು.

ಹಾಗಾದರೆ ಏನು ಬರೆಯಲಿ ಎಂದು ಹಕೀಂ ಸಾಹೇಬರು ಕೇಳಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಆಟಿ ಶುರುವಾಗಲು ಇನ್ನು ಹದಿನೆಂಟು ದಿನ ಉಂಟು, ಅಷ್ಟರೊಳಗೆ ಕಾಗದ ಆಗುತ್ತದೆಯೇ ಎಂದು ವಿಚಾರಿಸಿದಳು. ಇವತ್ತೇ ಕೋರ್ಟಿಗೆ ಕಳಿಸುತ್ತೇನೆ, ಆಟಿ ಮುಗಿಯುವುದರೊಳಗಂತೂ ಆದೀತು ಎಂದರು ಸಾಹೇಬರು. ಮಗನ ವಿಷಯ ಟೀಚರ್ ನೆನಪಿಸಿದಾಗ, ಅವನಿಗೆ ತಾನೇ ತಿಳಿಸುತ್ತೇನೆ, ಎಂದೋ ಹೇಳಬೇಕಾಗಿತ್ತು ಎಂದು ತಮ್ಮನ ಹತ್ತಿರ ಹೋಗಿ ನಿಂತಳು.

"ಈ ಸಲ ಮನೆಯಲ್ಲೇ ಬಡಿಸುವ," ಎಂದಳು. "ಮೀನು ನಾನು ಮಾಡ್ತೇನೆ."

ನೋಣಯ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ದೊಡ್ಡ ಸ್ವರದಲ್ಲಿ ಅಳತೊಡಗಿದ. ಜ್ಯೋತ್ಸ್ನಾ ಅದನ್ನು ಕಡತದಲ್ಲಿ ಬರೆಯಲಿಲ್ಲ.