ಗೋಡೆಗೆ ಮುಖ ಮಾಡಿದ ಇಂಜಿನಿಯರ್

ನಮ್ಮ ನಡುಮನೆಯ ಗೋಡೆಯಲ್ಲಿ ಗುವಾದಲೂಪೆಯ ಮೇರಿತಾಯಿಯ ಪಟವಿದೆ. ಅದರ ಪಕ್ಕದಲ್ಲಿ, ತಾಯಿಗಿಂತ ತುಸು ದೊಡ್ಡ ಚೌಕಟ್ಟಿನಲ್ಲಿ, ನನ್ನ ಸೋದರಮಾವ ಎವೆಲಿಯೋ ಇದ್ದಾನೆ. ಕಪ್ಪು ನಿಲುವಂಗಿ, ಚಪ್ಪಟೆ ಟೋಪಿ, ಕಿವಿಯ ಹತ್ತಿರ ಇಳಿಬಿದ್ದ ಹಳದಿ ಕುಚ್ಚು. ಚಿಕ್ಕವಳಿದ್ದಾಗ ಅಜ್ಜಿ ಯಾವ ರಾಜಕುಮಾರನ ಕಥೆ ಹೇಳಿದರೂ ನನ್ನ ಕಣ್ಣಿಗೆ ಕಾಣುತ್ತಿದ್ದುದು ಆ ಟೋಪಿ, ಆ ಕುಚ್ಚು. ರಾಕ್ಷಸನನ್ನು ಕೊಲ್ಲುವಾಗಲೂ ಕುಚ್ಚು ಅಲುಗುತ್ತಿತ್ತು.

ಆ ಫೋಟೋ ತೆಗೆದ ದಿನ ಇಡೀ ಬೀದಿಯೇ ಅವನ ಕಾಲೇಜು ಮುಗಿದ ಸಮಾರಂಭಕ್ಕೆ ಹೋಗಿತ್ತು. ಬಾಡಿಗೆಗೆ ಹಿಡಿದ ದೊಡ್ಡ ಸಭಾಂಗಣ, ಬ್ಯಾಂಡು, ಮೂರು ಅಂತಸ್ತಿನ ಕೇಕು. ಅಜ್ಜಿ ಮಗನ ಕೈ ಹಿಡಿದು ವಾಲ್ಟ್ಸ್ ಕುಣಿದಳು. ಎದುರುಮನೆಯ ಕ್ಷೌರಿಕ ದೋನ್ ತಾಚೋ ಆ ದಿನದ ಮಟ್ಟಿಗೆ ಧರ್ಮತಂದೆಯಾಗಿ ನಿಂತು ಮಾವನ ಬೆರಳಿಗೆ ಕೆಂಪು ಹರಳಿನ ಉಂಗುರ ತೊಡಿಸಿದ. ಮರುದಿನದಿಂದ ಮಾವನಿಗೆ ಹೆಸರೇ ಇಲ್ಲದಂತಾಯಿತು. ಬ್ರೆಡ್ಡಿನ ಅಂಗಡಿಯವನಿಂದ ಪಾದ್ರಿಯವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಇಂಜಿನಿಯರ್ರೇ ಎಂದೇ. ಸೇತುವೆ ಕಟ್ಟುವ ಇಂಜಿನಿಯರ್ ಅಲ್ಲ, ಹಸುಗಳ ಇಂಜಿನಿಯರ್. ಯಾವ ಹಸುವಿಗೆ ಏನು ತಿನ್ನಿಸಬೇಕು, ಯಾವುದು ಯಾಕೆ ಹಾಲು ಕಡಿಮೆ ಕೊಡುತ್ತಿದೆ ಎಂದು ಹೇಳುವವನು. ದೆಲಿಸಿಯಾಸ್‌ನಂಥ ಹಾಲಿನ ಊರಿನಲ್ಲಿ ಸೇತುವೆಯವರಿಗಿಂತ ಇಂಥವರಿಗೇ ಮರ್ಯಾದೆ ಜಾಸ್ತಿ.

ಈ ಬೇಸಿಗೆಯಲ್ಲಿ ಮಾವನಿಗೆ ಆಚೆ ಕಡೆಯಿಂದ ಕೆಲಸ ಬಂತು. ಗಡಿಗೆ ಹತ್ತಿರದ ನಮ್ಮಲ್ಲಿ ಅಮೆರಿಕವನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅದು ಬರೀ ಆಚೆ ಕಡೆ. ಅಲ್ಲಿನ ನ್ಯೂ ಮೆಕ್ಸಿಕೋ ರಾಜ್ಯದ ಒಂದು ದೊಡ್ಡ ಡೇರಿಯವರು, ಜೋಳ ಕೊಯ್ದು ಮೇವಿನ ಗುಂಡಿ ತುಂಬಿಸುವುದರೊಳಗೆ ಬಂದರೆ ಕೆಲಸ ನಿನ್ನದು, ತಡವಾದರೆ ಬೇರೆಯವರನ್ನು ಹುಡುಕುತ್ತೇವೆ ಎಂದಿದ್ದರು. ಹೋಗುವುದಕ್ಕೆ ದಾರಿಯೂ ಇತ್ತು. ನಮ್ಮ ಟೊಮೇಟೊ, ಬಿಯರು, ಕಾರಿನ ಬಿಡಿಭಾಗಗಳು ಯಾವ ವ್ಯಾಪಾರ ಒಪ್ಪಂದದ ಮೇಲೆ ಗಡಿ ದಾಟುತ್ತವೋ ಅದೇ ಒಪ್ಪಂದದ ಮೂಲೆಯಲ್ಲಿ ಮನುಷ್ಯರಿಗೂ ಒಂದು ಕಿರುಬಾಗಿಲಿದೆ. ಇಂತಿಂಥ ವಿದ್ಯೆ ಕಲಿತವರು ಕೆಲವು ವರ್ಷದ ಮಟ್ಟಿಗೆ ಹೋಗಿ, ದುಡಿದು, ತಿರುಗಿ ಬರಬಹುದು.

"ಯಾರ್ಯಾರಿಗೆ ಬಾಗಿಲು ತೆಗೀತಾರಂತೆ, ಓದು" ಎಂದಳು ಅಜ್ಜಿ, ಕೈಯಲ್ಲಿದ್ದ ಹಿಟ್ಟು ಒರೆಸಿಕೊಳ್ಳುತ್ತ.

ನಾನು ಫೋನಿನಲ್ಲಿ ನೋಡಿ ಓದಿದೆ. "ದಾದಿಯರು, ಗ್ರಂಥಪಾಲಕರು, ಕಾಡಿನ ಶಾಸ್ತ್ರ ಓದಿದೋರು, ಪಶು ವಿಜ್ಞಾನದೋರು, ಜೇನುಹುಳದ ಶಾಸ್ತ್ರ ಓದಿದೋರು..."

"ಜೇನುಹುಳಕ್ಕೂ ಉಂಟಾ? ಕಥೆ ಹೇಳೋರು?"

"ಇಲ್ಲ ಅಜ್ಜಿ."

"ಹಾಗಾದ್ರೆ ಇದನ್ನ ಬರೆದೋರಿಗೆ ಅಜ್ಜೀನೇ ಇರ್ಲಿಲ್ಲ ಅಂತ ಕಾಣುತ್ತೆ ಪಾಪ."

ಹೀಗೆನ್ನುತ್ತ ಅವಳು ಗೋಡೆಯ ಮೇಲಿನ ಫೋಟೋ ಇಳಿಸಿ, ಕಸೂತಿಯ ಮೇಜುಬಟ್ಟೆಯಲ್ಲಿ ಸುತ್ತತೊಡಗಿದಳು. ಗಡಿಯ ಹ್ವಾರೆಸ್ ನಗರದಲ್ಲಿ ವೀಸಾ ಕೊಡುವ ದೂತಾವಾಸದಲ್ಲಿ ಅದನ್ನು ತೋರಿಸಿದರೆ ಮುಗಿಯಿತು ಎಂದು ಅವಳ ಲೆಕ್ಕ.

"ಫೋಟೋ ಅಲ್ಲ ಅಜ್ಜಿ, ಪದವಿ ಪತ್ರ ಕೇಳ್ತಾರೆ."

"ಅದನ್ನೂ ತಗೊಂಡು ಹೋದ್ರಾಯ್ತು. ಎವೆಲಿಯೋ, ಎಲ್ಲಿಟ್ಟಿದ್ದೀಯೋ?"

ಮಾವ ಕಾಫಿಯ ಲೋಟದೊಳಗೆ ನೋಡುತ್ತ ಕುಳಿತಿದ್ದ, ಅಲ್ಲೇನೋ ಬಿದ್ದಿದೆ ಎಂಬಂತೆ.

"ಅದು ಇನ್ನೂ ಆಗಿಲ್ಲಮ್ಮ."

"ಏನು ಆಗಿಲ್ಲ?"

"ಪ್ರಬಂಧ ಬರೆದು ಕೊಡ್ಬೇಕಿತ್ತು. ಕೊಟ್ಟು, ಪರೀಕ್ಷಕರ ಮುಂದೆ ಕೂತು ಉತ್ತರ ಹೇಳಿ, ಪ್ರತಿಜ್ಞೆ ತಗೊಂಡ್ರೆ ಆಗ ಪದವಿ. ಅಷ್ಟರಲ್ಲಿ ಸಹಕಾರಿ ಡೇರೀಲಿ ಕೆಲಸ ಸಿಕ್ತಲ್ಲ. ಮುಂದಿನ ತಿಂಗಳು ಬರೆಯೋಣ ಅಂತ..."

"ಯಾವ ತಿಂಗಳು?"

"ಒಂಬತ್ತು ವರ್ಷದ ಹಿಂದಿಂದು."

ಇದು ನಮ್ಮಲ್ಲಿ ಅಪರೂಪವೇನಲ್ಲ. ಪಾಠ ಮುಗಿದ ಕೂಡಲೇ ಸಮಾರಂಭ, ಉಂಗುರ, ಕುಣಿತ. ಪ್ರಬಂಧ, ಪರೀಕ್ಷೆ ಆಮೇಲೆ ಅವರವರ ಪುರುಸೊತ್ತಿನಂತೆ. ಕೇಕು ಕತ್ತರಿಸಿದ ಮೇಲೆ ಯಾರಿಗೆ ಪುರುಸೊತ್ತು? ಅಷ್ಟರಲ್ಲಿ ಊರೆಲ್ಲ ಇಂಜಿನಿಯರ್ರೇ ಎನ್ನತೊಡಗಿರುತ್ತದೆ. ಊರೇ ಕೊಟ್ಟ ಪದವಿಯನ್ನು ಕಾಲೇಜಿನಿಂದ ಮತ್ತೆ ಕೇಳಿ ಪಡೆಯುವುದು ಎಂಥವನಿಗೂ ಸ್ವಲ್ಪ ನಾಚಿಕೆಯ ವಿಷಯವೇ. ಊರನ್ನು ನಂಬಿಸಿದಂತೆ ಆ ಕಿರುಬಾಗಿಲನ್ನು ನಂಬಿಸಲಾಗದು, ಅಷ್ಟೇ.

ಅಜ್ಜಿ ಕೂಗಾಡಲಿಲ್ಲ. ಮೇಜುಬಟ್ಟೆ ಬಿಚ್ಚಿದಳು. ಫೋಟೋವನ್ನು ಅದರ ಮೊಳೆಗೇ ಮತ್ತೆ ತೂಗುಹಾಕಿದಳು, ಆದರೆ ಮುಖ ಗೋಡೆಯ ಕಡೆಗೆ. ಹಿಂಬದಿಯ ಕಂದು ರಟ್ಟು ನಮ್ಮನ್ನು ನೋಡತೊಡಗಿತು.

"ನಿಜವಾಗ್ಲೂ ಆಗೋವರ್ಗೂ ಹಿಂಗೇ ಇರು" ಎಂದಳು. "ಈಗ ಎದ್ದು ಬರಿಯೋಕೆ ಕೂತ್ಕೊ, ಮುಕ್ಕಾಲು ಇಂಜಿನಿಯರ್ರೇ."

ಆ ಹೊಸ ಬಿರುದು ಸಂಜೆಯೊಳಗೆ ಬೀದಿ ದಾಟಿತು. ದೋನ್ ತಾಚೋ ಕತ್ತರಿ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತ.

"ಏನ್ ದೋಞಾ ಕೂಕಾ, ಹುಡುಗನನ್ನ ಯಾಕೆ ಗೋಡೆಗೆ ನಿಲ್ಸಿದ್ದೀರಾ?"

"ಕುಚ್ಚು ಬಿಸಿಲಿಗೆ ಬಿಳಚಿಕೊಳ್ತಿತ್ತು" ಎಂದಳು ಅಜ್ಜಿ.

"ಅಲ್ಲಾ, ನಾನು ಕೊಟ್ಟ ಉಂಗುರದ ಗತಿ ಏನು?"

"ಉಂಗುರಕ್ಕೇನಾಗಿದೆ? ಅದು ಪೂರ್ತಿ ಉಂಗುರಾನೇ. ಹಾಕ್ಕೊಂಡಿರೋ ಬೆರಳಷ್ಟೇ ಮುಕ್ಕಾಲು."

ಕಾಲೇಜಿನಲ್ಲಿ ಹಳೆಯ ಮೇಷ್ಟರು, ಪ್ರಬಂಧ ತಂದುಕೊಟ್ಟರೆ ಪರೀಕ್ಷೆಗೆ ದಿನ ಗೊತ್ತುಮಾಡಿಸುತ್ತೇನೆ ಎಂದರು. ಮಾವ ಹಾಸಿಗೆಯ ಕೆಳಗಿನ ಪೆಟ್ಟಿಗೆಯಿಂದ ಹಳೆಯ ಕಾಗದಗಳನ್ನು ತೆಗೆದ. ಚಳಿಗಾಲದಲ್ಲಿ ಹಸುಗಳಿಗೆ ಬೆಚ್ಚಗಿನ ನೀರು ಕೊಟ್ಟರೆ ಹಾಲು ಹೆಚ್ಚುತ್ತದೆಯೇ ಎಂಬುದು ವಿಷಯ. ಸಂಜೆ ಹೊತ್ತು ಅಡುಗೆಮನೆಯ ಮೇಜಿನಲ್ಲಿ ಅವನು ಹೇಳುತ್ತಿದ್ದ, ನಾನು ಟೈಪು ಮಾಡುತ್ತಿದ್ದೆ, ಅಜ್ಜಿ ರೊಟ್ಟಿ ಸುಡುತ್ತ ಕೇಳುತ್ತಿದ್ದಳು. ಕಥೆ ಹೇಳುವವರು ಕಥೆ ಕೇಳುವುದು ಬಹಳ ಕಷ್ಟ. ಎರಡನೇ ಸಂಜೆಯೇ ಅವಳು ಸುಮ್ಮನಿರಲಾರದೆ ಹೋದಳು.

"ಏನೋ ಅದು ಹದಿನೇಳನೇ ಹಸು, ಇಪ್ಪತ್ಮೂರನೇ ಹಸು? ಜೈಲಾ ಅದು? ಹೆಸರಿಲ್ವಾ ಅವಕ್ಕೆ?"

"ಶಾಸ್ತ್ರದಲ್ಲಿ ನಂಬರು ಸಾಕಮ್ಮ."

"ನನಗೆ ಸಾಕಾಗಲ್ಲ. ಹದಿನೇಳು ಯಾವ್ದು, ನೀರು ಮೂಸಿ ಬಿಟ್ಟುಬಿಟ್ಟಳಲ್ಲ, ಅವಳಾ? ಅವಳು ಫಿಲೋಮೇನಾ. ನನ್ನ ದೊಡ್ಡಮ್ಮನ ಥರಾನೇ, ಏನು ಕೊಟ್ರೂ ಮೂಸ್ತಿದ್ಳು."

ಆಮೇಲೆ ನಮ್ಮ ಅಡುಗೆಮನೆಯಲ್ಲಿ ಹಸುಗಳಿಗೆಲ್ಲ ಹೆಸರು ಬಂದವು. ಫಿಲೋಮೇನಾ, ಬೆರ್ನಾರ್ದಾ, ಕುಂಟು ಸೊಲೆದಾದ್. ಈ ಹೊತ್ತು ಫಿಲೋಮೇನಾ ನೀರು ಕುಡಿದಳಾ ಎಂದು ದೋನ್ ತಾಚೋ ಕೂಡ ಬಂದು ವಿಚಾರಿಸತೊಡಗಿದ. ನನಗೋ ಕನಸಿನಲ್ಲಿ ಹಸುಗಳು ಟೋಪಿ ತೊಟ್ಟು, ಕುಚ್ಚು ಅಲ್ಲಾಡಿಸುತ್ತ ವಾಲ್ಟ್ಸ್ ಕುಣಿಯುತ್ತಿದ್ದವು. ಬರೆದ ಪುಟಗಳಲ್ಲಿ ಮಾತ್ರ ಮಾವ ಬರೀ ನಂಬರುಗಳನ್ನೇ ಉಳಿಸಿದ್ದ.

ಪರೀಕ್ಷೆಯ ದಿನ ಮೂವರು ಪರೀಕ್ಷಕರು ಉದ್ದನೆಯ ಮೇಜಿನ ಹಿಂದೆ ಕುಳಿತಿದ್ದರು. ಎದುರಿಗೆ ಕೋಟು ಹಾಕಿಕೊಂಡ ಮಾವ. ಹಿಂದಿನ ಸಾಲಿನಲ್ಲಿ ಕಪ್ಪು ಶಾಲು ಹೊದ್ದ ಅಜ್ಜಿ, ನಾನು, ಬೆಳಗಿನಿಂದ ಅಂಗಡಿ ಮುಚ್ಚಿ ಬಂದಿದ್ದ ದೋನ್ ತಾಚೋ. ಮೊದಮೊದಲು ಎಲ್ಲ ಸರಿಯಾಗಿತ್ತು. ನಡುವೆ ಕೂತಿದ್ದ ಪರೀಕ್ಷಕಿ, ಎರಡನೇ ವಾರದಲ್ಲಿ ಸರಾಸರಿ ಯಾಕೆ ಇಳಿಯಿತು ಎಂದು ಕೇಳಿದರು.

"ಅದು ಫಿಲೋಮೇನಾಳಿಂದ ಮೇಡಂ. ಅವಳು ನೀರೇ ಮುಟ್ಟಲಿಲ್ಲ."

ಪರೀಕ್ಷಕಿ ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು.

"ಫಿಲೋಮೇನಾ ಯಾರು?"

ಮಾವನ ಕಿವಿ ಉಂಗುರದ ಹರಳಿನ ಬಣ್ಣಕ್ಕೆ ತಿರುಗಿತು. ಹಿಂದಿನ ಸಾಲಿನಿಂದ ಅಜ್ಜಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಹದಿನೇಳು."

"ಅಮ್ಮ, ಸಭಿಕರು ಮಾತಾಡೋ ಹಾಗಿಲ್ಲ" ಎಂದರು ಪರೀಕ್ಷಕಿ. ಆಮೇಲೆ ಮಾವನ ಕಡೆ ತಿರುಗಿ, "ಫಿಲೋಮೇನಾ ಯಾಕೆ ನೀರು ಮುಟ್ಟಲಿಲ್ಲ, ಹೇಳಿ" ಎಂದರು.

ಪರೀಕ್ಷಕಿಯ ಬಾಯಲ್ಲೂ ಹಸುವಿಗೆ ಹೆಸರು ಸಿಕ್ಕಿದ್ದಕ್ಕೇ ಮಾವನಿಗೆ ಧೈರ್ಯ ಬಂತೋ ಏನೋ. ಹೊಸ ತೊಟ್ಟಿಯ ವಾಸನೆ, ಕೊಟ್ಟಿಗೆಯ ಗಾಳಿ, ಅವಳ ಹಿಂದಿನ ಕರು ಎಲ್ಲವನ್ನೂ ಹೇಳಿದ. ಅವನು ನಿಲ್ಲಿಸಿದಾಗ ಮೂವರೂ ಹೊರಗೆ ಹೋಗಿ ಬಂದು, ನಮ್ಮನ್ನು ಎದ್ದು ನಿಲ್ಲಲು ಹೇಳಿದರು. ಮಾವ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದ.

"ಅಭಿನಂದನೆಗಳು, ಇಂಜಿನಿಯರ್ರೇ" ಎಂದರು ಪರೀಕ್ಷಕಿ.

ಒಂಬತ್ತು ವರ್ಷ ದಿನಕ್ಕೆ ನೂರು ಸಲ ಕೇಳಿದ ಮಾತು. ಆದರೂ ಮಾವ ಹಿಂದೆ ತಿರುಗಿ ನೋಡಿದ, ಅವರು ಕರೆದದ್ದು ಇನ್ಯಾರನ್ನೋ ಎಂಬಂತೆ.

ಮನೆಗೆ ಬಂದವನೇ ಮಾವ ಕೋಟು ಕೂಡ ತೆಗೆಯದೆ ನೇರವಾಗಿ ಗೋಡೆಯ ಹತ್ತಿರ ಹೋದ. ಚೌಕಟ್ಟಿಗೆ ಕೈ ಹಾಕಬೇಕು, ಅಷ್ಟರಲ್ಲಿ ಅಜ್ಜಿ ಅಂದಳು:

"ಮುಟ್ಟಬೇಡ."

"ಯಾಕಮ್ಮ? ಆಯ್ತಲ್ಲ ಈಗ."

"ಆಯ್ತು. ಈಗ ನೀನು ಪೂರ್ತಿ ಇಂಜಿನಿಯರ್. ಆದ್ರೆ ಹೋಗೋನಲ್ವಾ? ಹೋಗಿ ಬಾ. ಬಂದ ದಿನ ನಾನೇ ತಿರುಗಿಸ್ತೀನಿ."

"ಇದು ಅನ್ಯಾಯ. ಮಾತು ಕೊಟ್ಟಿದ್ದೆ ನೀನು."

"ನಾನು ಕಥೆ ಹೇಳೋಳು. ನಡುವೆ ಬದಲಾಯಿಸೋ ಹಕ್ಕು ನನಗಿದೆ."

ಪದವಿ ಪತ್ರ ಬರುವಷ್ಟರಲ್ಲಿ ಹೊಲಗಳಲ್ಲಿ ಜೋಳ ಆಳೆತ್ತರ ನಿಂತಿತ್ತು. ಆಚೆ ಕಡೆಯವರು ಎರಡು ಸಲ ಫೋನು ಮಾಡಿ ವಿಚಾರಿಸಿದ್ದರು. ನಾವು ಮೂವರೂ ಬಸ್ಸು ಹತ್ತಿ ಹ್ವಾರೆಸ್‌ಗೆ ಹೊರಟೆವು. ಮರಳುದಿಬ್ಬಗಳು ಕಂಡಾಗ ಅಜ್ಜಿ ತನ್ನ ಹಳೆಯ ಕಥೆಯೊಂದನ್ನು ತೆಗೆದಳು. ಅದರಲ್ಲಿ ನದಿ ದಾಟಲು ಬಂದವನನ್ನು ನದಿಯೇ ತಡೆದು ಮೂರು ಪ್ರಶ್ನೆ ಕೇಳುತ್ತದೆ. ನೀನು ಯಾರು? ಏನು ಹೊತ್ತು ತಂದಿದ್ದೀಯ? ಹಿಂದೆ ನಿನಗಾಗಿ ಏನು ಕಾದಿದೆ? ಮೂರನೆಯದಕ್ಕೆ ಉತ್ತರವಿಲ್ಲದವನು ದಾಟಿದರೂ ನೀರಿನಲ್ಲೇ ಉಳಿಯುತ್ತಾನೆ.

"ಅಮ್ಮ, ಅಲ್ಲಿ ನದಿ ಇರಲ್ಲ. ಒಂದು ಕಿಟಕಿ ಇರುತ್ತೆ" ಎಂದ ಮಾವ.

"ಕಿಟಕಿ ಹಿಂದೆ ಯಾರಿರ್ತಾರೆ ಅಂತ ನಿನಗೇನು ಗೊತ್ತು?"

ಅವನೊಬ್ಬನೇ ಒಳಗೆ ಹೋದ. ನಾನು, ಅಜ್ಜಿ ರಸ್ತೆಯ ಈಚೆ ಒಂದು ಬೋಳು ಮರದ ಕೆಳಗೆ, ಬಟ್ಟೆಯಲ್ಲಿ ಸುತ್ತಿದ ಬುರ್ರಿತೋ ರೊಟ್ಟಿಸುರುಳಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆವು. ಅಜ್ಜಿಯ ತುಟಿ ಜಪಮಾಲೆಯ ಜೊತೆ ಅಲ್ಲಾಡುತ್ತಿತ್ತು. ಕಥೆಯೇ ನಿಜವಾಗಿಬಿಟ್ಟರೆ ಎಂದು ನಾನು ಮಾವನ ಪರವಾಗಿ ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ.

ಒಳಗೆ ನಡೆದದ್ದನ್ನು ಮಾವ ಆಮೇಲೆ ಎಷ್ಟು ಸಲ ಹೇಳಿದನೋ. ಕಿಟಕಿಯ ಹಿಂದೆ ನಗದ ಮುಖದ ಹೆಂಗಸು ಇದ್ದಳಂತೆ. ಮೊದಲು ನೀವು ಯಾರು ಎಂದು ಕೇಳಿದಳು. ಹಸುಗಳ ಇಂಜಿನಿಯರ್ ಎಂದ. ಹೇಳುವಾಗ ಕಿವಿ ಬಿಸಿಯಾಗಲಿಲ್ಲವಂತೆ. ಎರಡನೆಯದಾಗಿ ಪತ್ರಗಳನ್ನು ನೋಡಿದಳು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು.

"ಇದು ತಾತ್ಕಾಲಿಕ ವೀಸಾ. ನೀವು ತಿರುಗಿ ಬರ್ತೀರಿ ಅಂತ ನಾನು ಹೇಗೆ ನಂಬಲಿ? ಇಲ್ಲಿ ನಿಮಗೆ ಏನಿದೆ? ಹೆಂಡತಿ? ಮನೆ? ಜಮೀನು?"

ಮೂರೂ ಇರಲಿಲ್ಲ. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡ ಉತ್ತರವೆಲ್ಲ ಮರೆತುಹೋಗಿ, ಬಾಯಿಗೆ ಬಂದ ನಿಜವನ್ನೇ ಹೇಳಿಬಿಟ್ಟ.

"ನಮ್ಮಮ್ಮ ನನ್ನ ಫೋಟೋನ ಗೋಡೆ ಕಡೆ ತಿರುಗಿಸಿಟ್ಟಿದ್ದಾಳೆ ಮೇಡಂ. ನಾನು ವಾಪಸ್ ಬರೋವರ್ಗೂ ಇತ್ತ ತಿರುಗಿಸಲ್ಲ ಅಂದಿದ್ದಾಳೆ. ಬೀದೀಲೆಲ್ಲ ನಗ್ತಿದ್ದಾರೆ. ಬರದೆ ಇದ್ರೆ ನಾನು ಹಾಗೇ ಉಳಿದುಬಿಡ್ತೀನಿ."

ಅವಳು ಕೆಳಗಿಟ್ಟ ಪೆನ್ನನ್ನು ಮತ್ತೆ ಎತ್ತಿಕೊಂಡಳಂತೆ.

"ನಿಮ್ಮ ತಾಯಿ ಎಲ್ಲಿದ್ದಾರೆ ಈಗ?"

"ರಸ್ತೆಯ ಆ ಬದೀಲಿ. ಬುರ್ರಿತೋ ಇಟ್ಕೊಂಡು ಕೂತಿದ್ದಾರೆ."

"ನನ್ನ ತಾಯಿಯಾಗಿದ್ರೆ ಫೋಟೋನೇ ಸುಟ್ಟುಬಿಡ್ತಿದ್ಳು" ಎಂದು, ನಗದೆಯೇ, ಪಾಸ್‌ಪೋರ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. "ವೀಸಾ ಮಂಜೂರಾಗಿದೆ. ಹೋಗಿ ಬನ್ನಿ, ಇಂಜಿನಿಯರ್ರೇ."

ಮೇವಿನ ಗುಂಡಿಗೆ ಜೋಳ ಬೀಳುವ ಮೊದಲೇ ಮಾವ ಆಚೆ ಕಡೆ ತಲುಪಿದ. ಅಲ್ಲಿನ ಹಸುಗಳಿಗೆ ಕಿವಿಯಲ್ಲಿ ನಂಬರು ಚೀಟಿ ಇದೆಯಂತೆ, ಅವನು ಗುಟ್ಟಾಗಿ ಹೆಸರಿಟ್ಟಿದ್ದಾನಂತೆ. ಭಾನುವಾರ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಒಂದೇ.

"ನಾನು ಯಾವ ಕಡೆ ನೋಡ್ತಿದ್ದೀನಿ?"

"ಗೋಡೆ ಕಡೆ" ಎನ್ನುತ್ತಾಳೆ ಅಜ್ಜಿ, ಕಲ್ಲಿನಂಥ ದನಿಯಲ್ಲಿ.

ಮೊನ್ನೆ ತರಗತಿ ಬೇಗ ಮುಗಿದು ನಾನು ಮಧ್ಯಾಹ್ನವೇ ಮನೆಗೆ ಬಂದೆ. ನಡುಮನೆಯಿಂದ ಅಜ್ಜಿಯ ದನಿ ಕೇಳಿಸುತ್ತಿತ್ತು, ಕಥೆಯ ದನಿ. ಬಾಗಿಲಲ್ಲೇ ನಿಂತು ಇಣುಕಿದೆ. ಫೋಟೋ ಈಚೆಗೆ ತಿರುಗಿತ್ತು. ಅಜ್ಜಿ ಎದುರಿಗೆ ಕುರ್ಚಿ ಹಾಕಿಕೊಂಡು, ಕಾಫಿ ಕುಡಿಯುತ್ತ, ಕುಚ್ಚಿನ ರಾಜಕುಮಾರನಿಗೆ ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನನ್ನ ಚೀಲ ಬಾಗಿಲಿಗೆ ತಗುಲಿ ಸದ್ದಾಯಿತು. ಅವಳ ವಯಸ್ಸಿಗೆ ಅಷ್ಟು ಚುರುಕಾಗಿ ಏಳುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕಂದು ರಟ್ಟು ಮತ್ತೆ ನಮ್ಮ ಕಡೆಗಿತ್ತು.

"ಧೂಳು ಒರೆಸ್ತಿದ್ದೆ" ಎಂದಳು.

"ಗೋಡೆಗೆ ಅಂಟಿಕೊಂಡಿರೋ ಕಡೆ ಧೂಳು ಹೇಗೆ ಬರುತ್ತೆ ಅಜ್ಜಿ?"

"ಗೋಡೇಲೂ ಧೂಳಿರುತ್ತೆ. ಕೈ ತೊಳ್ಕೊಂಡು ರೊಟ್ಟಿ ಸುಡು ಹೋಗು. ಮತ್ತೆ, ಭಾನುವಾರ ಫೋನಲ್ಲಿ ಬಾಯಿ ಬಿಟ್ಟೆ ಅಂದ್ರೆ ನಿನ್ನ ಫೋಟೋನೂ ತಿರುಗಿಸ್ತೀನಿ, ನೋಡು."