ಟೈಲರಮ್ಮನ ಮಹಡಿಗೆ ಬಂದ ನೆಂಟರು

ಟೈಲರಮ್ಮನಿಗೆ ಎಷ್ಟು ಜನ ನೆಂಟರಿದ್ದರೆಂದರೆ, ಎಲ್ಲರೂ ಒಟ್ಟಿಗೆ ಬಂದು ನಿಂತಿದ್ದರೆ ಭೂಮಿಯೇ ಒಂದು ಕಡೆಗೆ ವಾಲಿಬಿಡುತ್ತಿತ್ತು. ಈ ವಾರ ಅಕ್ಕನ ಮಗಳು ಬಂದರೆ ಮುಂದಿನ ವಾರ ಚಿಕ್ಕಪ್ಪನ ಮೊಮ್ಮಗ. ಒಬ್ಬರ ಮುಖಕ್ಕೂ ಇನ್ನೊಬ್ಬರ ಮುಖಕ್ಕೂ ಸಂಬಂಧವಿರಲಿಲ್ಲ. ಬೀದಿಯವರು ಬಾಯಿ ತೆರೆದು ನೋಡುತ್ತಿದ್ದರು.

ಅಸಲು ಸಂಗತಿ ಬೇರೆ. ಗಂಡ ತೀರಿಕೊಂಡ ಮೇಲೆ ಟೈಲರಮ್ಮ ಮಹಡಿಯ ಕೋಣೆಯನ್ನು ಮೊಬೈಲ್ ಆ್ಯಪ್‌ನಲ್ಲಿ ಹಾಕಿ, ಪರ ಊರಿನವರಿಗೆ ದಿನದ ಬಾಡಿಗೆಗೆ ಕೊಡುತ್ತಿದ್ದಳು. ಪರವಾನಗಿ ಪಡೆದಿರಲಿಲ್ಲ. ಅದಕ್ಕೇ ಬಂದವರಿಗೆಲ್ಲ ಬಾಗಿಲಲ್ಲೇ ಪಾಠವಾಗುತ್ತಿತ್ತು: "ಯಾರಾದ್ರೂ ಕೇಳಿದ್ರೆ ನನ್ನ ನೆಂಟರು ಅನ್ನಿ."

ನಗರಸಭೆಯಲ್ಲಿ ಕೆಲಸ ಮಾಡುತ್ತಿದ್ದ ವಾರಗಿತ್ತಿ ಒಂದು ದಿನ ಹೊಲಿಗೆ ಯಂತ್ರದ ಪಕ್ಕ ಬಂದು ಕೂತಳು.

"ಅಕ್ಕಾ, ಮೊನ್ನೆ ಬಂದಿದ್ದ ಆ ಬೆಕ್ಕಿನ ಕಣ್ಣಿನ ಉದ್ದನೆ ಮನುಷ್ಯ ಯಾರು?"

"ನನ್ನ ತವರಿನ ಕಡೆಯವನು ಕಣೆ."

"ಹೌದಾ? ತವರಿನವನಿಗೆ ನಿನ್ನ ಮಾತು ಒಂದಕ್ಷರ ಅರ್ಥ ಆಗ್ಲಿಲ್ವಲ್ಲ! ಸುಮ್ನೆ ಬಾ, ನೋಂದಣಿ ಮಾಡ್ಸು. ಕೋಣೆ ಸರಿಯಾಗಿದೆಯಾ ಅಂತ ನೋಡೋಕೆ ಒಬ್ರು ಬರ್ತಾರೆ, ಅಷ್ಟೇ."

"ನನ್ನ ಮನೆ ನೋಡೋಕೆ ಅವರ್ಯಾರು? ಬಂದೋರ ಗುರುತಿನ ಚೀಟಿ ಬೇರೆ ಕೇಳ್ಬೇಕಂತೆ. ಪಾಪ, ಬೇಜಾರಾಗಲ್ವಾ? ನಾನೇನು ಲಾಡ್ಜ್ ಇಟ್ಟಿದೀನಾ? ಮನೆ ಮಕ್ಕಳ ಥರ ನೋಡ್ಕೋತೀನಿ."

ಆ ಮಾತು ಮಾತ್ರ ಅಪ್ಪಟ ನಿಜ. ಅವಳು ಹೊಲಿದ ದಿಂಬಿಗೆ ತಲೆಯಿಟ್ಟವರನ್ನು ಎಬ್ಬಿಸಲು ಗುಡುಗೂ ಸಾಲುತ್ತಿರಲಿಲ್ಲ.

ಚಳಿಗಾಲದಲ್ಲಿ ಪರೀಕ್ಷೆ ಬರೆಯಲು ಒಬ್ಬ ಹುಡುಗಿ ಬಂದು ಇಳಿದುಕೊಂಡಳು. ಆ್ಯಪ್‌ನಲ್ಲಿ ಅವಳ ಹೆಸರು ಬರೀ 'ಚಿಟ್ಟೆ' ಎಂದಿತ್ತು. ಬಂದ ದಿನವೇ ಒಂದು ಸೀನು ಸೀನಿದಳು. ಒಂದೇ ಒಂದು! ಟೈಲರಮ್ಮನ ಕರುಳು ಬೆಣ್ಣೆಯಾಯಿತು. ಬಚ್ಚಲಿನ ಗವಾಕ್ಷಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅಳತೆ ತೆಗೆದು, ಬಟ್ಟೆ ಚೂರು, ಹತ್ತಿ ತುಂಬಿ ಒಂದು ದಪ್ಪ ಮೆತ್ತೆ ಹೊಲಿದು ಅಲ್ಲಿಗೆ ತುರುಕಿದಳು. ಇರುವೆಯೊಂದು ಉಸಿರು ಬಿಗಿಹಿಡಿದು ಬಂದರೂ ನುಸುಳಲಾರದಷ್ಟು ಬಿಗಿ! ಆದರೆ ಅದೇ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು. ಗವಾಕ್ಷಿ ಇದ್ದದ್ದೇ ಅದರ ಕೆಟ್ಟ ಗಾಳಿ ಹೊರಗೆ ಹೋಗಲೆಂದು. ಅದು ಅವಳಿಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಮೇಲಿನಿಂದ ನೀರಿನ ಸದ್ದು ನಿಲ್ಲಲಿಲ್ಲ. "ಮಗೂ" ಎಂದು ಕೂಗಿದರೆ ಉತ್ತರವಿಲ್ಲ. ಟೈಲರಮ್ಮ ಮೆಟ್ಟಿಲು ಹತ್ತಿ ಬಚ್ಚಲ ಬಾಗಿಲನ್ನು ನೂಕಿದಳು. ಆ ನೂಕಿಗೆ ಕೋಟೆ ಬಾಗಿಲೂ ಕಿತ್ತುಬರುತ್ತಿತ್ತು. ಇನ್ನು ಆ ಚಿಲಕ ಯಾವ ಲೆಕ್ಕ! ಹುಡುಗಿ ನೆಲದ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದಳು. ಅವಳನ್ನು ಹೊರಗೆಳೆದು, ಹೊದಿಕೆ ಸುತ್ತಿ, ಆಂಬುಲೆನ್ಸ್‌ಗೆ ಫೋನ್ ಮಾಡಿದಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿಸಿದ ಡಾಕ್ಟರು ಕೇಳಿದರು: "ಗೀಸರಿನ ವಿಷಗಾಳಿ ಕುಡಿದಿದ್ದಾಳೆ. ನೀವು ಯಾರಮ್ಮ?"

ರೂಢಿಬಲದಿಂದ ನಾಲಿಗೆ ತಾನಾಗಿ ಹೊರಳಿತು: "ದೊಡ್ಡಮ್ಮ."

"ಇವಳ ಹೆಸರೇನು? ಯಾವುದಾದ್ರೂ ಔಷಧಿ ಆಗಿಬರಲ್ವಾ? ಅಪ್ಪ ಅಮ್ಮನ ನಂಬರ್ ಕೊಡಿ."

ಇಡೀ ಬೀದಿಯ ಬಾಯಿ ಮುಚ್ಚಿಸುತ್ತಿದ್ದ ಟೈಲರಮ್ಮ ಮೊಬೈಲ್ ತೆಗೆದು ಆ್ಯಪ್ ನೋಡಿದಳು; ಅಲ್ಲಿದ್ದದ್ದು ಬರೀ 'ಚಿಟ್ಟೆ'.

"ಸ್ವಂತ ತಂಗಿ ಮಗಳ ಹೆಸರು ಗೊತ್ತಿಲ್ವಾ?"

"ಸುಳ್ಳು ಹೇಳ್ದೆ ಡಾಕ್ಟ್ರೇ. ನಾನು ಕೋಣೆ ಬಾಡಿಗೆಗೆ ಕೊಟ್ಟೋಳು. ಈ ಮಗು ಯಾರು, ಎಲ್ಲಿಂದ ಬಂತು, ಏನೂ ಕೇಳಿಲ್ಲ. ಹೇಗಾದ್ರೂ ಉಳಿಸ್ಕೊಡಿ."

ಮಧ್ಯಾಹ್ನ ಹುಡುಗಿ ಕಣ್ಣು ಬಿಟ್ಟಳು. ಎದುರಿಗಿದ್ದ ಡಾಕ್ಟರನ್ನು ಕಂಡು, ಅರೆ ಉಸಿರಿನಲ್ಲೂ ಕಲಿಸಿದ ಪಾಠ ತಪ್ಪದೆ ಒಪ್ಪಿಸಿದಳು: "ಇವ್ರು... ನಮ್ಮ ದೊಡ್ಡಮ್ಮ."

ಟೈಲರಮ್ಮ ಅವಳ ಹಣೆ ಸವರಿದಳು. "ಸಾಕು ಕಂದಾ, ಇನ್ನು ಸುಳ್ಳು ಬೇಡ. ನಿನ್ನ ಹೆಸರು ಹೇಳು. ನಿಮ್ಮಮ್ಮಂಗೆ ಫೋನ್ ಮಾಡ್ತೀನಿ."

ಫೋನಿನಲ್ಲಿ ಕೇಳಿದ ಆ ತಾಯಿಯ ಅಳುವಿಗೆ ಏಳು ಸಮುದ್ರ ಉಕ್ಕಬೇಕಿತ್ತು. ಉಕ್ಕಲಿಲ್ಲ, ಎಲ್ಲವೂ ಬಂದು ಟೈಲರಮ್ಮನ ಒಂದು ಕಿವಿಯೊಳಗೆ ತುಂಬಿಕೊಂಡಿತು.

ಹುಡುಗಿ ಗುಣವಾಗಿ ತಾಯಿಯ ಜೊತೆ ಹೊರಟ ಮೇಲೆ ಟೈಲರಮ್ಮ ವಾರಗಿತ್ತಿಯ ಮುಂದೆ ನಿಂತಳು. "ನಡಿಯೇ ನಗರಸಭೆಗೆ."

"ದಂಡ ಹಾಕ್ತಾರೆ ಅಕ್ಕಾ."

"ಹಾಕ್ಲಿ. ಕೋಣೆ ನೋಡೋಕೂ ಇವತ್ತೇ ಬರ್ಲಿ."

ನೋಡಲು ಬಂದವರು ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿಸಿದರು, ಗವಾಕ್ಷಿ ತೆರೆಸಿದರು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿಡಬೇಕೆಂದು ತೋರಿಸಿದರು. ಪರವಾನಗಿ ಕೈಗೆ ಬಂದ ಮೇಲೆಯೇ ಕೋಣೆ ಮತ್ತೆ ಆ್ಯಪ್‌ಗೆ ಹೋಯಿತು. ಈಗ ಬಂದವರ ಗುರುತಿನ ಚೀಟಿ, ಅವರ ಮನೆಯವರ ನಂಬರ್ ಎರಡನ್ನೂ ಟೈಲರಮ್ಮ ಮೊದಲೇ ಕೇಳುತ್ತಾಳೆ.

"ಚೀಟಿ ಕೇಳಿದ್ರೆ ಪಾಪ, ಬೇಜಾರಾಗಲ್ವಾ?" ಎಂದು ವಾರಗಿತ್ತಿ ಕೆಣಕಿದಳು.

"ಆಗ್ಲಿ ಬಿಡೆ. ನನ್ನ ಮೇಲೆ ಮುನಿಸ್ಕೊಂಡೇ ಹೋಗ್ಲಿ, ಕ್ಷೇಮವಾಗಿ ಹೋಗ್ಲಿ."

ಮನೆಯನ್ನೋ ಕೋಣೆಯನ್ನೋ ದಿನದ ಬಾಡಿಗೆಗೆ ಕೊಡುವ ಅಕ್ಕಂದಿರೇ, ಅಣ್ಣಂದಿರೇ, ನಿಯಮಗಳು ಊರಿಂದೂರಿಗೆ ಬದಲಾಗುತ್ತವೆ. ನಿಮ್ಮೂರಿನ ಕಚೇರಿಗೆ ಹೋಗಿ ಕೇಳಿ, ನೋಂದಣಿ ಮಾಡಿಸಿ, ತೆರಿಗೆಯ ವಿಷಯವನ್ನೂ ವಿಚಾರಿಸಿ. ಬಂದವರು ಯಾರೆಂದು ತಿಳಿದುಕೊಂಡು ಬರೆದಿಡಿ. ಗ್ಯಾಸ್, ವಿದ್ಯುತ್, ಗಾಳಿಯ ದಾರಿ ಎಲ್ಲವನ್ನೂ ಬಲ್ಲವರಿಂದ ಪರೀಕ್ಷೆ ಮಾಡಿಸಿ. ನಿಮ್ಮ ಕೋಣೆಯಲ್ಲಿ ಇವತ್ತು ಮಲಗುವವರ ದಾರಿಯನ್ನು ಎಲ್ಲೋ ಒಂದು ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ. ಅವರನ್ನು ನಗುನಗುತ್ತಾ ಆ ಮನೆಗೆ ಕಳಿಸುವುದು ನಿಮ್ಮ ಹೊಣೆ.