ದ್ರೌಪದಿಯ ತಕರಾರು

ಮರಾಠಿ ನಾಡಿನ ತುರ್ಭೆಯ ನಮ್ಮ ಬಸ್ತಿಯಲ್ಲಿ ಮಕ್ಕಳು ಶಾಲೆಗೆ ಹೋಗುತ್ತಾರೆ, ಬರುತ್ತಾರೆ. ಕಲಿತರೋ ಇಲ್ಲವೋ ಕೇಳುವವರಿಲ್ಲ. ದ್ರೌಪದಿಯ ಮಗಳು ಜ್ಯೋತಿ ನಾಲ್ಕನೇ ಕ್ಲಾಸು. ಪಾಠ ಓದು ಎಂದರೆ ಗಡಗಡ ಓದುತ್ತಾಳೆ. ಮಾರ್ಕೆಟ್‌ನಲ್ಲಿ ಮೂಟೆ ಹೊರುವ ಅಪ್ಪ ಹಣಮಂತ್ರಾಯನಿಗೆ ಅದನ್ನು ಕೇಳುವುದೇ ಒಂದು ಸುಖ.

ಒಂದು ಭಾನುವಾರ ಬಚತ್ ಗಟ್ ಎಂಬ ಹೆಂಗಸರ ಉಳಿತಾಯ ಗುಂಪು ನಡೆಸುವ ರಮಿತಾ ಬಂದಿದ್ದಳು. ಉಡುಪಿ ಕಡೆಯವಳು, ಕಣ್ಣು ಚುರುಕು. ಜ್ಯೋತಿ ಓದುತ್ತಿದ್ದಾಗ ಸುಮ್ಮನೆ ಪುಟ ತಿರುಗಿಸಿದಳು. ಹುಡುಗಿ ಹಳೆಯ ಪುಟದ ಮಾತನ್ನೇ ಹೇಳುತ್ತಾ ಹೋದಳು. ಎಲ್ಲ ಬಾಯಿಪಾಠ! ಓದಲು ಬರುವುದೇ ಇಲ್ಲ.

“ಸರ್ ಕಲಿಸುದಿಲ್ವಾ ಮಗಾ?”

“ಸರ್ ಆತೇ ಹೈ, ಸಹಿ ಕರ್ಕೆ ಚಲೇ ಜಾತೇ ಹೈ,” ಎಂದಳು ಜ್ಯೋತಿ. ಬರುತ್ತಾರಂತೆ, ಸಹಿ ಮಾಡಿ ಹೊರಟುಹೋಗುತ್ತಾರಂತೆ! ಕೇಳಿದರೆ ಮೈ ಉರಿಯುತ್ತದೆ.

“ದ್ರೌಪದಕ್ಕಾ, ನೀವು ಶಾಲಾ ಸಮಿತಿಯಲ್ಲಿ ಇದ್ದೀರಲ್ಲ? ಮೀಟಿಂಗಲ್ಲಿ ಹೇಳ್ಲಿಲ್ವಾ?”

“ಹೇಳೋದೇನದ? ಬುಕ್ಕಿನಾಗ ‘ತಕ್ರಾರ್ ನಾಹೀ’ ಅಂತ ಬರದು ಓದಿ ಹೇಳ್ತಾರ. ಖರೇನೇ ಅಲ್ಲೇನು? ನಮಗ್ಯಾರ ಜೋಡಿ ತಕರಾರದ? ಸಹಿ ಹಾಕಿ ಬರ್ತೀನಿ.”

ರಮಿತಾ ಹಣೆ ಚಚ್ಚಿಕೊಂಡಳು. “ಅಯ್ಯೋ ಮಾರಾಯ್ತಿ! ಮರಾಠಿಯಲ್ಲಿ ತಕ್ರಾರ್ ಅಂದ್ರೆ ಜಗಳ ಅಲ್ಲ, ದೂರು. ಶಾಲೆ ಮೇಲೆ ಒಂದೂ ದೂರಿಲ್ಲ ಅಂತ ಬರ್ದು ಕೊಟ್ಟಿದ್ದೀರಿ. ಸರ್ ಪಾಠ ಮಾಡಿದ್ದಕ್ಕೆ ನೀವೇ ಸಾಕ್ಷಿ!”

ಮಗಳ ವಿದ್ಯೆ ಹಾಳಾಗಿದ್ದು ದ್ರೌಪದಿಯದೇ ಸಹಿಯ ಮರೆಯಲ್ಲಿ. ಎಂಥ ಅನ್ಯಾಯ ನೋಡಿ!

ಹಣಮಂತ್ರಾಯ ಹೆದರಿದ. “ಬ್ಯಾಡ ಬಿಡ್ರಿ. ನಾವು ಹೊರಗಿನವರು. ಮಾಸ್ತರ್ ಪೋರಿ ಮ್ಯಾಲ ಸಿಟ್ಟು ತೀರಿಸ್ಕೊಂಡ್ರ? ಅವರಿಗೂ ಇಲೆಕ್ಷನ್, ಸರ್ವೆ ಅಂತ ಕೆಲಸ ಹಚ್ತಾರ.”

“ಸರ್ವೆಗೆ ಕಳಿಸಿದ್ರೆ ಅದನ್ನೂ ಬರೆಸುವ,” ಎಂದಳು ರಮಿತಾ. “ಕಳಿಸಿದವರು ಉತ್ತರ ಕೊಡ್ಲಿ. ಅಣ್ಣಾ, ಮೂಟೆ ಇಳಿಸದೆ ಬರೀ ಸಹಿ ಹಾಕಿದ್ರೆ ಕೆಲಸ ಮಾಡಿಸುವ ನಿಮ್ಮ ಮುಕಾದಮ ಸುಮ್ಮನೆ ಬಿಡ್ತಾನಾ?”

ಹಣಮಂತ್ರಾಯ ಆ ಶನಿವಾರ ಅರ್ಧ ದಿನ ರಜೆ ಹಾಕಿ ಹೆಂಡತಿಯ ಜೊತೆ ಮೀಟಿಂಗಿಗೆ ತಾನೂ ಹೋದ.

ಹೆಡ್‌ ಮೇಡಂ ಎಂದಿನಂತೆ “ತಕ್ರಾರ್ ನಾಹೀ” ಎಂದು ಓದಿ ಪುಸ್ತಕ ಮುಂದೆ ನೂಕಿದರು. ದ್ರೌಪದಿ ಪೆನ್ನು ಮುಟ್ಟಲಿಲ್ಲ.

“ತಕ್ರಾರ್ ಆಹೆ, ದೂರು ಅದ, ಬರ್ಕೋರಿ. ನನ್ನ ಮಗಳಿಗೆ ಓದಾಕ ಬರಂಗಿಲ್ಲ. ಸರ್ ಎಲ್ಲಿ ಹೋಗ್ತಾರ, ಯಾರು ಕಳಿಸ್ತಾರ, ಅದೂ ಬರೀರಿ.”

ಹಿಂದಿನ ಸಾಲಿನಿಂದ ನಮ್ಮ ಬಸ್ತಿಯ ಮಲ್ಲಿಕಾ ಎದ್ದಳು, “ನನ್ನ ಮಗಂದೂ ಬರೀರಿ.” ಅವಳ ಹಿಂದೆಯೇ ಇನ್ನೊಬ್ಬ ತಾಯಿ ಬಾಗಿಯೂ ಎದ್ದಳು. ಆ ದಿನ ಪುಸ್ತಕದಲ್ಲಿ ಒಂಬತ್ತು ದೂರು ಏರಿದವು. ತಾಯಂದಿರು ಶಾಲೆಯ ಮೊಹರು ಹಾಕಿಸಿದ ನಕಲು ಕೈಗೆ ಬರುವವರೆಗೆ ಎದ್ದೇಳಲಿಲ್ಲ.

ತಾಯಂದಿರೇ, ಅಣ್ಣಂದಿರೇ, ಕಲಿಸುವ ಗುರುಗಳಿಗೆ ಕೈ ಮುಗಿಯೋಣ. ಕಲಿಸದವರನ್ನು, ಕಲಿಸಲು ಬಿಡದವರನ್ನು ಕೇಳೋಣ. ಕೇಳುವುದು ಜಗಳವಲ್ಲ, ನಿಮ್ಮ ಹಕ್ಕು. ತಿಳಿಯದ ಬರಹಕ್ಕೆ ಸಹಿ ಹಾಕಬೇಡಿ. ಜ್ಯೋತಿಯ ನಾಲ್ಕು ವರ್ಷವನ್ನು ಯಾರೂ ತಿರುಗಿ ಕೊಡುವುದಿಲ್ಲ. ನಿಮ್ಮ ಮಗುವಿನ ವರ್ಷ ಇನ್ನೂ ಮುಗಿದಿಲ್ಲ. ಈ ವಾರವೇ ಶಾಲೆಗೆ ಹೋಗಿ ಕೇಳಿ.